ಅರ್ಲ್ ವಾರನ್: ವಲಸಿಗರ ಮಗನ ಎರಡು ಬದಿಯ ಲೆಕ್ಕ

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಎಲ್ಲ ಬಣ್ಣದ ಮಕ್ಕಳ ಪಕ್ಕ ಕೂತು ಓದುತ್ತಾರೆ. 1954ಕ್ಕೆ ಮುಂಚೆ ಇಲ್ಲಿನ ಹಲವು ರಾಜ್ಯಗಳಲ್ಲಿ ಇದು ಸಾಧ್ಯವಿರಲಿಲ್ಲ. ಅದನ್ನು ಬದಲಿಸಿದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಆದರೆ ಅವರ ಬದುಕಿನಲ್ಲಿ ಇನ್ನೊಂದು ಪುಟವೂ ಇದೆ.

ವಾರನ್ ಹುಟ್ಟಿದ್ದು 1891ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ತಂದೆ ನಾರ್ವೆಯಿಂದ, ತಾಯಿ ಸ್ವೀಡನ್‌ನಿಂದ ಬಂದವರು. ತಂದೆಗೆ ರೈಲ್ವೆ ಕೆಲಸ. 1894ರ ಮುಷ್ಕರದಲ್ಲಿ ಅದು ಕೈತಪ್ಪಿತು. ಮುಂದೆ ಕುಟುಂಬ ಬೇಕರ್ಸ್‌ಫೀಲ್ಡ್ ಸೇರಿತು. ಹುಡುಗ ವಾರನ್ ಕೂಡ ರಜೆಯಲ್ಲಿ ರೈಲ್ವೆಯಲ್ಲೇ ದುಡಿದರು. ಬರ್ಕ್ಲಿಯಲ್ಲಿ ಕಾನೂನು ಓದಿ ವಕೀಲರಾದರು. 1925ರಿಂದ ಅಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ. 1938ರಲ್ಲಿ ತಂದೆಯ ಕೊಲೆಯಾಯಿತು, ಕೊಲೆಗಾರ ಸಿಗಲೇ ಇಲ್ಲ. ಅದೇ ವರ್ಷ ಅವರು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿ ಗೆದ್ದರು.

ಪರ್ಲ್ ಹಾರ್ಬರ್ ದಾಳಿಯ ನಂತರ, 1942ರಲ್ಲಿ, ಜಪಾನಿ ಮೂಲದವರನ್ನು ಕರಾವಳಿಯಿಂದ ತೆರವು ಮಾಡಬೇಕೆಂದು ವಾರನ್ ಗಟ್ಟಿಯಾಗಿ ವಾದಿಸಿದರು. ಅವರು ವಿಧ್ವಂಸಕ ಕೃತ್ಯ ನಡೆಸಿದ್ದಕ್ಕೆ ಪುರಾವೆ ಇರಲಿಲ್ಲ. ಇಲ್ಲದಿರುವುದೇ ಅಪಾಯದ ಸೂಚನೆ ಎಂಬುದು ವಾರನ್ ವಾದ. ಸುಮಾರು 1,20,000 ಜನ ಮನೆ, ಅಂಗಡಿ, ಹೊಲ ಬಿಟ್ಟು ಮುಳ್ಳುತಂತಿಯೊಳಗಿನ ಶಿಬಿರ ಸೇರಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ನಾಗರಿಕರೇ.

ಆ ವರ್ಷವೇ ವಾರನ್ ಗವರ್ನರ್ ಚುನಾವಣೆ ಗೆದ್ದರು. ಮುಂದೆ ಮತ್ತೆರಡು ಸಲ ಗೆದ್ದರು. ಚೀನಾ, ಜಪಾನ್ ಮೂಲದ ಮಕ್ಕಳನ್ನು ಪ್ರತ್ಯೇಕ ಶಾಲೆಗೆ ಕಳಿಸಲು ಅವಕಾಶವಿದ್ದ ರಾಜ್ಯದ ಕಾನೂನು 1947ರಲ್ಲಿ ರದ್ದಾಯಿತು. ಅದಕ್ಕೆ ಸಹಿ ಹಾಕಿದ್ದೂ ಇವರೇ.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದರು. ಅದಕ್ಕೆ ಮೊದಲು ಅವರು ಒಂದು ದಿನವೂ ನ್ಯಾಯಾಧೀಶರಾಗಿರಲಿಲ್ಲ. ಭಿನ್ನಾಭಿಪ್ರಾಯವಿದ್ದ ಸಹೋದ್ಯೋಗಿಗಳ ಜೊತೆ ತಾಳ್ಮೆಯಿಂದ ಮಾತಾಡಿ ಒಪ್ಪಿಸಿದರು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದ ತೀರ್ಪು ಬಂತು: ಬಣ್ಣದ ಆಧಾರದಲ್ಲಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಸಂವಿಧಾನಬಾಹಿರ. ಪೊಲೀಸರು ಬಂಧಿತನನ್ನು ವಿಚಾರಿಸುವ ಮುನ್ನ ಅವನ ಹಕ್ಕು ತಿಳಿಸಬೇಕೆಂಬ 1966ರ ತೀರ್ಪು, ಬೇರೆ ಜನಾಂಗದವರ ನಡುವಿನ ಮದುವೆಯ ನಿಷೇಧ ತೆಗೆದ 1967ರ ತೀರ್ಪು ಕೂಡ ಅವರು ಬರೆದವೇ.

1969ರಲ್ಲಿ ನಿವೃತ್ತರಾದ ವಾರನ್ 1974ರಲ್ಲಿ ತೀರಿಕೊಂಡರು. ಶಿಬಿರಗಳ ಬಗ್ಗೆ ತೀವ್ರ ಪಶ್ಚಾತ್ತಾಪ ಪಟ್ಟಿದ್ದು ಮರಣಾನಂತರ ಪ್ರಕಟವಾದ ಅವರ ಆತ್ಮಕಥೆಯಲ್ಲಿದೆ. ಸರ್ಕಾರ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನು ಮಾಡಿದ್ದು 1988ರಲ್ಲಿ.

ಲೆಕ್ಕಪತ್ರ ಬರೆಯುವ ನಮಗೆ ಒಂದು ಮಾತು ಗೊತ್ತು. ಜಮೆ ಎಷ್ಟೇ ದೊಡ್ಡದಿರಲಿ, ಖರ್ಚಿನ ಸಾಲು ಅಳಿಸಿಹೋಗುವುದಿಲ್ಲ. ವಾರನ್ ಅವರದ್ದೂ ಅಷ್ಟೇ. ವಲಸಿಗರ ಮಗನೇ ಭಯದ ಹೊತ್ತಿನಲ್ಲಿ ವಲಸಿಗರನ್ನು ಮರೆತರು ಎಂಬುದನ್ನು, ಗ್ರೀನ್ ಕಾರ್ಡ್‌ಗೆ ಕಾಯುವ ನಾವೂ ಪಾಸ್‌ಪೋರ್ಟ್ ಸಿಕ್ಕ ನಮ್ಮ ಮಕ್ಕಳೂ ನೆನಪಿಟ್ಟುಕೊಳ್ಳಬೇಕು. ಊರಿಂದ ಬಂದ ಅಪ್ಪ-ಅಮ್ಮನನ್ನು ಕ್ಯಾಲಿಫೋರ್ನಿಯಾ ಸುತ್ತಿಸುವವರು, ಮ್ಯಾಂಜನಾರ್‌ನಲ್ಲಿ ಸ್ಮಾರಕವಾಗಿ ಉಳಿಸಿರುವ ಶಿಬಿರದ ಜಾಗಕ್ಕೂ ಒಮ್ಮೆ ಕರೆದೊಯ್ಯಿರಿ. ಮಕ್ಕಳೂ ಜೊತೆಗಿರಲಿ.