ಕೊಳಕುಮಂಡಲಕ್ಕೆ ಹೆಸರಾದ ವೈದ್ಯ ಪ್ಯಾಟ್ರಿಕ್ ರಸೆಲ್



ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆ ರಾಗಿ ಕೊಯ್ಲು ಬಂತೆಂದರೆ ಹಿರಿಯರು ಹೇಳುವ ಮೊದಲ ಮಾತು ಹಾವಿನ ಎಚ್ಚರಿಕೆ. ಅದರಲ್ಲೂ ಕೊಳಕುಮಂಡಲ, ನೆರೆಯ ತಮಿಳರ ಬಾಯಲ್ಲಿ ಕಣ್ಣಾಡಿ ವಿರಿಯನ್. ಇಂಗ್ಲಿಷಿನಲ್ಲಿ ಇದಕ್ಕೆ ರಸೆಲ್ಸ್ ವೈಪರ್ ಎಂದು ಹೆಸರು. ಆ ರಸೆಲ್ ಯಾರೆಂದು ಈ ಬಾರಿ ತಿಳಿಯೋಣ.

ಪ್ಯಾಟ್ರಿಕ್ ರಸೆಲ್ ಸ್ಕಾಟ್ಲೆಂಡಿನ ಎಡಿನ್‌ಬರೊದವರು. ಸಿರಿಯಾದ ಅಲೆಪ್ಪೊದಲ್ಲಿ ವೈದ್ಯರಾಗಿದ್ದು, 1760ರ ದಶಕದ ಆರಂಭದ ಪ್ಲೇಗ್ ಕಾಲದಲ್ಲಿ ಅಲ್ಲಿಯೇ ನಿಂತು ರೋಗಿಗಳನ್ನು ನೋಡಿಕೊಂಡರು. 1781ರಲ್ಲಿ ತಮ್ಮನ ಜೊತೆ ವಿಶಾಖಪಟ್ಟಣಕ್ಕೆ ಬಂದರು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಮದರಾಸು ಪ್ರಾಂತ್ಯದ ಸಸ್ಯಶಾಸ್ತ್ರಜ್ಞರನ್ನಾಗಿ ನೇಮಿಸಿತು.

ಗಿಡಗಳ ಕೆಲಸಕ್ಕೆ ನೇಮಕವಾದರೂ ಹಾವು ಕಚ್ಚಿ ಜನ ಸಾಯುವುದು ಅವರ ಮನಸ್ಸನ್ನು ಕಾಡಿತು. ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ಗುರುತಿಸುವುದೇ ಮೊದಲ ಕೆಲಸವೆಂದು ಹಾವುಗಳನ್ನು ತರಿಸಿ, ಹಲ್ಲು ಪರೀಕ್ಷಿಸಿ, ಚಿತ್ರ ಬರೆಸಿದರು. ನಾಯಿ, ಕೋಳಿಗಳ ಮೇಲೆ ವಿಷದ ಪರಿಣಾಮ ನೋಡಿ ಬರೆದಿಟ್ಟರು. ಆಗ ಹೆಸರಾಗಿದ್ದ, ಪಾಷಾಣ ಸೇರಿದ್ದ ತಂಜಾವೂರು ಗುಳಿಗೆಯನ್ನೂ ಕೇವಲ ನಂಬಿಕೆಯ ಮೇಲೆ ಬಿಡದೆ ಪರೀಕ್ಷೆಗೆ ಒಡ್ಡಿದರು. ಕೋರಮಂಡಲ ತೀರದ ಹಾವುಗಳ ಕುರಿತ ಅವರ ಗ್ರಂಥ 1796ರಲ್ಲಿ ಅಚ್ಚಾಯಿತು. ಮರುವರ್ಷವೇ ಕೊಳಕುಮಂಡಲದ ಶಾಸ್ತ್ರೀಯ ಹೆಸರಿನಲ್ಲಿ ಅವರ ಹೆಸರು ಸೇರಿತು.

1805ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೂ ಖಚಿತವಾದ ಮದ್ದು ಅವರಿಗೆ ಕಾಣಸಿಗಲಿಲ್ಲ. ಅದಾಗಿ 90 ವರ್ಷಗಳ ಬಳಿಕ, ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಸೀರಮ್ ತಯಾರಿಸಿದರು. ಇಂದು ನಮ್ಮ ದೇಶದಲ್ಲಿ ದೊರೆಯುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷಕ್ಕೂ ಆಗುತ್ತದೆ. ಅದಕ್ಕೆ ಬೇಕಾದ ವಿಷವನ್ನು ಚೆನ್ನೈ ಬಳಿಯ ಇರುಳರ ಸಹಕಾರ ಸಂಘ ಒದಗಿಸುತ್ತಾ ಬಂದಿದೆ.

ರಸೆಲ್ ಅವರಿಗೆ ಸಿಗದ ಮದ್ದು ನಮಗೆ ಸಿಕ್ಕಿದೆ. ಆದರೂ ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆದು, ಉಳಿಯಬೇಕಾದ ಜೀವ ಹೋದದ್ದನ್ನು ನಾವೇ ನಮ್ಮ ಹಳ್ಳಿಗಳಲ್ಲಿ ಕಂಡಿದ್ದೇವೆ. ಕೊಳಕುಮಂಡಲ ಕಚ್ಚಿದರೆ ಊತ, ನೋವು, ವಸಡಿನಲ್ಲಿ ರಕ್ತ ಕಾಣಿಸಬಹುದು. ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡವೂ ಕೆಡಬಹುದು. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವನ್ನು ಹಿಡಿಯಲೂ ಹೋಗಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಗಡಿಯ ಆಚೆ ಈಚೆ ಇರುವ ಬಂಧುಗಳು ದಯವಿಟ್ಟು ಇದನ್ನು ಹೊಲದಲ್ಲಿ ದುಡಿಯುವವರಿಗೂ ಓದಿ ಹೇಳಬೇಕಾಗಿ ವಿನಂತಿ.

– ಕಾರ್ಯದರ್ಶಿ