ದ್ವೀಪದ ಮರಗಳೂ ಡಾ. ಬಿ.ಜಿ.ಎಲ್. ಸ್ವಾಮಿಯವರೂ

ಡಾ. ಬಿ.ಜಿ.ಎಲ್. ಸ್ವಾಮಿಯವರ ಹೆಸರನ್ನು ಕೇಳದ ಕನ್ನಡ ಓದುಗರು ವಿರಳ. 'ಕಾಲೇಜು ರಂಗ', 'ತಮಿಳು ತಲೆಗಳ ನಡುವೆ' ಮುಂತಾದ ಕೃತಿಗಳ ತಿಳಿಹಾಸ್ಯವನ್ನು ಸವಿದವರಲ್ಲಿ ಅನೇಕರು ಅವರ ಇನ್ನೊಂದು ಸಾಧನೆಯನ್ನು ಅರಿಯರು. ಪೆಸಿಫಿಕ್ ಸಾಗರದ ದ್ವೀಪಗಳ ಅಪರೂಪದ ಮರಗಳ ಕುಲಗೋತ್ರವನ್ನು ಸೂಕ್ಷ್ಮದರ್ಶಕದ ಮೂಲಕ ನಿರ್ಣಯಿಸಿದವರಲ್ಲಿ ಅವರೂ ಒಬ್ಬರು.

1918ರಲ್ಲಿ ಜನಿಸಿದ ಸ್ವಾಮಿಯವರು ಡಿ.ವಿ.ಜಿ.ಯವರ ಸುಪುತ್ರರು. ಬೆಂಗಳೂರಿನಲ್ಲಿ ವ್ಯಾಸಂಗ ಮುಗಿಸಿ, ಆರ್ಕಿಡ್ ಸಸ್ಯಗಳ ಭ್ರೂಣರಚನೆಯ ಅಧ್ಯಯನದಿಂದ ಹೆಸರು ಗಳಿಸಿದರು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿ, ಮರದ ಒಳರಚನೆಯ ಅಧ್ಯಯನದಲ್ಲಿ ಪ್ರಖ್ಯಾತರಾಗಿದ್ದ ಪ್ರೊ. ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆಗೆ ತೊಡಗಿದರು.

ಹೂಬಿಡುವ ಬಹುಪಾಲು ಮರಗಳಲ್ಲಿ ನೀರನ್ನು ಮೇಲಕ್ಕೊಯ್ಯಲು ಕೊಳವೆಗಳಂಥ ನಾಳಗಳಿರುತ್ತವೆ. ಪೈನ್ ಜಾತಿಯ ಮರಗಳಲ್ಲಿ ಅವಿಲ್ಲ. ಅಲ್ಲಿ ನೀರು ತುದಿ ಮುಚ್ಚಿದ ಕಿರಿದಾದ ಕೋಶಗಳ ಮೂಲಕವೇ ಸಾಗಬೇಕು. ಹೂಬಿಟ್ಟೂ ನಾಳಗಳಿಲ್ಲದ ಮರವೊಂದು ಸಿಕ್ಕಿತೆಂದರೆ ವಿಜ್ಞಾನಿಗಳ ಕಿವಿ ನಿಮಿರುವುದು ಸಹಜವೇ ಸರಿ. ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಅಂಥದೊಂದು ಪುಟ್ಟ ಮರ. ಹಿಂದಿನವರು ಅದನ್ನು ಮೊನಿಮಿಯೇಸಿ ಎಂಬ ಕುಟುಂಬಕ್ಕೆ ಸೇರಿಸಿದ್ದರು. 1948ರಲ್ಲಿ ಬೈಲಿ ಮತ್ತು ಸ್ವಾಮಿಯವರು ಅದರ ಕಾಂಡ, ಎಲೆ, ಹೂಗಳ ಒಳರಚನೆಯನ್ನು ಪರೀಕ್ಷಿಸಿ, ನಾಳಗಳೂ ಇಲ್ಲ, ಆ ಕುಟುಂಬದ ಲಕ್ಷಣವಾದ ಸುಗಂಧ ತೈಲದ ಕೋಶಗಳೂ ಇಲ್ಲ ಎಂದು ತೋರಿಸಿದರು. ಫ್ರಾನ್ಸಿನ ಪಿಶೋನರು ಅದಕ್ಕೆ ಪ್ರತ್ಯೇಕ ಕುಟುಂಬವನ್ನು ಕಲ್ಪಿಸಿದ್ದೂ ಅದೇ ವರ್ಷ.

ಫಿಜಿ ದ್ವೀಪದ ಡಿಜನೇರಿಯ ಮರದ ಬಗ್ಗೆ 1949ರಲ್ಲಿ ಸ್ವಾಮಿಯವರೊಬ್ಬರೇ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ದ್ವಿದಳ ಸಸ್ಯವೆನ್ನಿಸಿಕೊಂಡ ಈ ಮರದ ಭ್ರೂಣದಲ್ಲಿ ಮೂರೋ ನಾಲ್ಕೋ ಬೀಜದಳಗಳು! ಬೀಜಗಳನ್ನು ಹೊರುವ ಅಂಗದ ಅಂಚುಗಳೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಆ ಅಂಗವು ಮೂಲತಃ ಉದ್ದಕ್ಕೆ ಮಡಚಿದ ಎಲೆಯಂತಿತ್ತೆಂದು 1951ರಲ್ಲಿ ಗುರುಶಿಷ್ಯರು ವಾದಿಸಿದರು. ಈ ವಾದ ಇಂದು ಹಾಗೆಯೇ ಉಳಿದಿಲ್ಲ. ಅಂಬೊರೆಲ್ಲದಲ್ಲಿಯೇ ಆ ಅಂಗ ಚೀಲದಂತಿದೆ.

ಸ್ವದೇಶಕ್ಕೆ ಮರಳಿದ ಸ್ವಾಮಿಯವರು 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಅದೇ 1953ರಲ್ಲಿ ಸಾರ್ಕಂಡ್ರ ಕುಲದ ಒಂದು ಪ್ರಭೇದಕ್ಕೆ ಬೈಲಿಯವರ ಹೆಸರನ್ನಿಟ್ಟು ಗುರುಋಣವನ್ನು ಸ್ಮರಿಸಿದರು. ಚೆನ್ನೈ ಕನ್ನಡಿಗರ ಪಾಲಿಗಂತೂ ಅವರು ನೆರೆಮನೆಯವರಿದ್ದಂತೆ. ಅವರ ಬಹುತೇಕ ಕನ್ನಡ ಬರಹ ಈ ವೃತ್ತಿಯ ನಡುವೆಯೇ ಮೂಡಿದ್ದು. 1978ರಲ್ಲಿ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1980ರಲ್ಲಿ ಅವರು ನಿಧನರಾದರು.

1999ರಲ್ಲಿ ವಿವಿಧ ದೇಶಗಳ ವಿಜ್ಞಾನಿಗಳು ಡಿಎನ್‌ಎ ಆಧಾರದಿಂದ ಹೂಬಿಡುವ ಸಸ್ಯಗಳ ವಂಶವೃಕ್ಷವನ್ನು ರಚಿಸಿದರು. ಉಳಿದೆಲ್ಲ ಹೂಗಿಡಗಳ ಕವಲಿನಿಂದ ಮೊಟ್ಟಮೊದಲು ಬೇರ್ಪಟ್ಟು ನಿಂತದ್ದು ಅಂಬೊರೆಲ್ಲ. ಬೈಲಿಯವರೂ ಸ್ವಾಮಿಯವರೂ ಅದನ್ನು ನೋಡಲು ಉಳಿದಿರಲಿಲ್ಲ. 2013ರಲ್ಲಿ ಆ ಮರದ ಇಡೀ ಜೀನೋಮ್ ಪ್ರಕಟವಾಯಿತು.