ಕ್ಲಾಡಿಯಸ್ ಬುಕಾನನ್

ವಿಜಯವಾಡದ ಗುಣದಲ ಬೆಟ್ಟದಲ್ಲಿ ಪ್ರತಿವರ್ಷವೂ ಫೆಬ್ರವರಿ ತಿಂಗಳಿನಲ್ಲಿ ಲೂರ್ದು ಮಾತೆಯ ಉತ್ಸವವು ಜರುಗುತ್ತದೆ. ವಿಶಾಖಪಟ್ಟಣದಿಂದಲೂ ಬಹು ಮಂದಿ ರೈಲು ಹತ್ತಿ ಅಲ್ಲಿಗೆ ಹೋಗುತ್ತಾರೆ. ಮುಡಿ ಕೊಡುವವರು, ತೆಂಗಿನಕಾಯಿ ಅರ್ಪಿಸುವವರು ಇರುವಂತೆಯೇ, ಪಾದ್ರಿಗಳ ಬಳಿ ಮೊಣಕಾಲೂರಿ ತಮ್ಮ ಪಾಪಗಳನ್ನು ಹೇಳಿಕೊಳ್ಳುವವರೂ ಅಲ್ಲಿರುತ್ತಾರೆ. ಕನ್ನಡ ನಾಡಿನಿಂದ ಬಂದು ಈ ಕಡಲತೀರದಲ್ಲಿ ನೆಲೆಸಿದ ನಾವು ಮೊದಲ ಸಲ ಆ ದೃಶ್ಯವನ್ನು ಕಂಡಾಗ, ಬಾಯಿಂದ ಹೇಳಿದ ಮಾತ್ರಕ್ಕೆ ಪಾಪವು ತೊಲಗುವುದೇ ಎಂದು ಸಂದೇಹಪಟ್ಟೆವು. ಆ ಸಂದೇಹಕ್ಕೆ ಒಂದು ಉತ್ತರವು ನಮಗೆ ದೊರೆತುದು, ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಈ ನಗರಕ್ಕೆ ಬಂದುಹೋದ ಒಬ್ಬ ಪುರುಷರ ಚರಿತ್ರೆಯಲ್ಲಿ. ಅವರೇ ಕ್ಲಾಡಿಯಸ್ ಬುಕಾನನ್. ಮೈಸೂರು ಸೀಮೆಯಲ್ಲಿ ಸಂಚರಿಸಿ ಗ್ರಂಥ ಬರೆದ ಫ್ರಾನ್ಸಿಸ್ ಬುಕಾನನ್ ಬೇರೆ, ಇವರು ಬೇರೆ. ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಇವರು ೧೭೬೬ನೆಯ ಇಸವಿ ಮಾರ್ಚ್ ೧೨ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಸಮೀಪದ ಕ್ಯಾಂಬಸ್‌ಲ್ಯಾಂಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಶಾಲೆಯ ಉಪಾಧ್ಯಾಯರು. ಮಗನು ಧರ್ಮೋಪದೇಶಕನಾಗಬೇಕೆಂಬುದು ಮನೆಯವರ ಬಯಕೆ. ಬಾಲಕನು ಬುದ್ಧಿವಂತ, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದಿ, ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠವನ್ನೂ ಹೇಳಿದನು. ಆದರೆ ಯೌವನ ಬರುತ್ತಲೇ ದೇಶಸಂಚಾರದ ಹುಚ್ಚು ತಲೆಗೇರಿತು. ಪಿಟೀಲು ಬಾರಿಸಿ ಹೊಟ್ಟೆ ಹೊರೆಯುತ್ತ ಯೂರೋಪು ಖಂಡವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಬೇಕೆಂದು ಅವನು ನಿಶ್ಚಯಿಸಿದನು. ನಿಜ ಹೇಳಿದರೆ ತಂದೆತಾಯಿಗಳು ಬಿಡಲಾರರು. ಆದುದರಿಂದ ಒಬ್ಬ ಶ್ರೀಮಂತರು ತಮ್ಮ ಮಗನೊಡನೆ ವಿದೇಶ ಪ್ರವಾಸಕ್ಕೆ ತನ್ನನ್ನು ಗೊತ್ತುಮಾಡಿರುವರೆಂದು ಸುಳ್ಳು ಹೇಳಿ, ೧೭೮೭ರಲ್ಲಿ ಮನೆ ಬಿಟ್ಟನು. ಆಗ ಅವನಿಗೆ ವಯಸ್ಸು ಇಪ್ಪತ್ತೊಂದು.

ಯೂರೋಪು ಸಂಚಾರವು ಕನಸಾಗಿಯೇ ಉಳಿಯಿತು. ಯುವಕನು ಲಂಡನ್ನಿನವರೆಗೆ ಮಾತ್ರ ಬಂದನು. ಅಲ್ಲಿ ಕೈಯಲ್ಲಿದ್ದ ಹಣ ಮುಗಿಯಿತು. ಬಟ್ಟೆಗಳನ್ನೂ ಪುಸ್ತಕಗಳನ್ನೂ ಮಾರಬೇಕಾಯಿತು. ಕೊನೆಗೆ ವಕೀಲರೊಬ್ಬರಲ್ಲಿ ಅಲ್ಪ ಸಂಬಳದ ಗುಮಾಸ್ತೆಯಾದನು. ಆದರೆ ಊರಿಗೆ ಹೋಗುತ್ತಿದ್ದ ಕಾಗದಗಳು ಮಾತ್ರ ಪರದೇಶದಿಂದ ಬರೆದಂತೆ ಇರುತ್ತಿದ್ದವು. ಒಂದು ಸುಳ್ಳನ್ನು ಉಳಿಸಲು ಮತ್ತೊಂದು, ಅದನ್ನು ಉಳಿಸಲು ಇನ್ನೊಂದು. ಹೀಗಿರುವಾಗಲೇ ತಂದೆ ತೀರಿಕೊಂಡರು. ಮಗನು ದೂರದೇಶಗಳಲ್ಲಿ ಸುಖವಾಗಿರುವನೆಂದು ನಂಬಿಯೇ ಅವರು ಕಣ್ಣುಮುಚ್ಚಿದರು.

೧೭೯೦ರಲ್ಲಿ ಒಂದು ಭಾನುವಾರ ಸಾಯಂಕಾಲ ದೈವಭಕ್ತನಾದ ಯುವಕನೊಬ್ಬನು ಇವರ ಕೋಣೆಗೆ ಬಂದು ಮಾತನಾಡಿದನು. ಆ ರಾತ್ರಿ ಬುಕಾನನ್ನರ ಮನಸ್ಸು ಕದಡಿತು. ದಿನಗಳು ಕಳೆದಂತೆ, ತಾವು ನಡೆದುಬಂದ ದಾರಿಯೆಲ್ಲ ಕಣ್ಣೆದುರಿಗೆ ನಿಂತಿತು. ಆಗ ಲಂಡನ್ನಿನಲ್ಲಿ ಜಾನ್ ನ್ಯೂಟನ್ ಎಂಬ ವೃದ್ಧ ಪಾದ್ರಿಗಳಿದ್ದರು. ಅವರು ಒಂದು ಕಾಲದಲ್ಲಿ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗಿನ ನಾಯಕರಾಗಿದ್ದವರು. ೧೭೮೮ರಲ್ಲಿ ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತಮ್ಮ ಪಾಲನ್ನೂ ಪುಸ್ತಕದಲ್ಲಿ ಬರೆದು ಲೋಕದ ಮುಂದೆ ಒಪ್ಪಿಕೊಂಡವರು. ಅವರಿಗೆ ಬುಕಾನನ್ನರು ಹೆಸರು ಹಾಕದೆ ಒಂದು ಪತ್ರ ಬರೆದರು. ನ್ಯೂಟನ್ನರು ದೇವಾಲಯದ ಪ್ರಸಂಗಪೀಠದಿಂದಲೇ, ಪತ್ರ ಬರೆದವರು ತಮ್ಮನ್ನು ಕಾಣಬೇಕೆಂದು ತಿಳಿಸಿದರು. ಯುವಕನು ಹೋಗಿ ಕಂಡನು. ಮಗನ ಚಿಂತೆಯಲ್ಲಿದ್ದ ತಾಯಿಗೂ ನಿಜವನ್ನೆಲ್ಲ ಬರೆದು ತಿಳಿಸಿದನು. ತಾಯಿಯು ಮಗನನ್ನು ಕ್ಷಮಿಸಿದಳು. ಆದರೆ ತಂದೆಗೆ ಬರೆಯಬೇಕಾಗಿದ್ದ ಪತ್ರವು ಎಂದೆಂದಿಗೂ ಬರೆಯದೆ ಉಳಿಯಿತು.

ಇಲ್ಲಿ ನಾವು ಒಂದು ವಿಷಯವನ್ನು ವಿಚಾರ ಮಾಡಬೇಕು. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕ್ ಭಾಷೆಯಲ್ಲಿ ಪಶ್ಚಾತ್ತಾಪಕ್ಕೆ ಮೆಟನೋಯ ಎಂಬ ಶಬ್ದವಿದೆ. ಮನಸ್ಸನ್ನು ಮಾರ್ಪಡಿಸಿಕೊಳ್ಳುವುದು ಎಂದು ಅದರರ್ಥ. ಕ್ಯಾಥೊಲಿಕರು ಪಾದ್ರಿಯ ಮುಂದೆ ಪಾಪವನ್ನು ನಿವೇದಿಸುತ್ತಾರೆ. ಪ್ರಾಟೆಸ್ಟಂಟರು ದೇವರಿಗೇ ನೇರವಾಗಿ ಅರಿಕೆ ಮಾಡಿಕೊಳ್ಳುತ್ತಾರೆ. ಕ್ಷಮೆಯು ದೇವರ ಕೃಪೆ, ನಾವು ದುಡಿದು ಪಡೆಯುವ ಕೂಲಿಯಲ್ಲ ಎಂಬುದು ಇಬ್ಬರ ನಂಬಿಕೆಯೂ ಹೌದು. ಆದರೆ ಕ್ಷಮೆ ದೊರೆಯಿತೆಂದು ಕೈಕಟ್ಟಿ ಕೂರುವಂತಿಲ್ಲ. ಕದ್ದವನು ಕದ್ದುದನ್ನು ಹಿಂದಿರುಗಿಸಬೇಕು. ನೋಯಿಸಿದವನು ನೊಂದವರ ಬಾಗಿಲಿಗೆ ಹೋಗಬೇಕು.

ಬುಕಾನನ್ನರ ಮುಂದಿನ ಬಾಳು ಇದಕ್ಕೆ ಸಾಕ್ಷಿ. ನ್ಯೂಟನ್ನರ ಪರಿಚಯದಿಂದ ಹೆನ್ರಿ ಥಾರ್ನ್‌ಟನ್ ಎಂಬ ಸಿರಿವಂತರು ಅವರನ್ನು ಕೇಂಬ್ರಿಜ್ಜಿನಲ್ಲಿ ಓದಿಸಿದರು. ಓದು ಮುಗಿಸಿ ಪಾದ್ರಿಯಾದ ಅವರು ೧೭೯೭ರಲ್ಲಿ ಕಲ್ಕತ್ತೆಗೆ ಬಂದರು. ೧೮೦೦ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನ ಉಪಾಧ್ಯಕ್ಷರಾದರು. ಸಂಪಾದನೆ ಬಂದ ಮೇಲೆ, ತಮ್ಮ ಓದಿಗಾಗಿ ಥಾರ್ನ್‌ಟನ್ನರು ವೆಚ್ಚಮಾಡಿದ್ದ ಹಣವನ್ನು ತೀರಿಸಿದರು.

೧೮೦೬ರಲ್ಲಿ ಅವರು ಕಲ್ಕತ್ತೆಯಿಂದ ದಕ್ಷಿಣಕ್ಕೆ ಸಂಚಾರ ಹೊರಟು, ಪುರಿಯ ಮಾರ್ಗವಾಗಿ ವಿಶಾಖಪಟ್ಟಣಕ್ಕೆ ಬಂದರು. ಲಂಡನ್ ಮಿಷನ್ನಿನ ಕ್ರಾನ್ ಮತ್ತು ಡೆಗ್ರಾಂಜ್ ಎಂಬಿಬ್ಬರು ೧೮೦೫ರಿಂದ ಇಲ್ಲಿ ನೆಲೆಸಿದ್ದರು. ಅವರು ಆನಂದರಾಯರೆಂಬ ಬ್ರಾಹ್ಮಣ ಪಂಡಿತರ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತರುವ ಕೆಲಸದಲ್ಲಿ ತೊಡಗಿದರು. ಕ್ರಾನ್ ೧೮೦೯ರಲ್ಲಿಯೂ ಡೆಗ್ರಾಂಜ್ ೧೮೧೦ರಲ್ಲಿಯೂ ತೀರಿಹೋದರು. ಮೊದಲ ಮೂರು ಸುವಾರ್ತೆಗಳು ೧೮೧೨ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದವು. ಅವುಗಳಲ್ಲಿ ಲೂಕನ ಸುವಾರ್ತೆಯೂ ಒಂದು. ಆಸ್ತಿಯ ಪಾಲನ್ನು ಹಾಳುಮಾಡಿ, ಹಸಿವಿನಿಂದ ಕಂಗೆಟ್ಟು ಮನೆಗೆ ಮರಳಿದ ಮಗನನ್ನು ತಂದೆಯೇ ಓಡಿಬಂದು ತಬ್ಬಿಕೊಂಡ ಕಥೆ ಅದರಲ್ಲಿದೆ. ತನ್ನ ತಂದೆಯ ಬಳಿಗೆ ಮರಳಲಾರದೆ ಹೋದ ಮಗನೊಬ್ಬನು, ಆ ಕಥೆಯು ತೆಲುಗಾಗಬೇಕಾಗಿದ್ದ ಊರಿಗೇ ಬಂದುದನ್ನು ನೆನೆದರೆ ನಮಗೆ ಕರುಳು ಚುರುಕ್ಕೆನ್ನುತ್ತದೆ.

ಅಲ್ಲಿಂದ ಅವರು ಕೇರಳಕ್ಕೆ ಹೋಗಿ, ಸಿರಿಯನ್ ಕ್ರೈಸ್ತರಲ್ಲಿದ್ದ ಪ್ರಾಚೀನ ಹಸ್ತಪ್ರತಿಗಳನ್ನು ಪಡೆದು ಕೇಂಬ್ರಿಜ್ಜಿಗೆ ಒಪ್ಪಿಸಿದರು. ೧೮೧೧ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಪುರಿಯ ಜಗನ್ನಾಥನ ಪೂಜೆಯನ್ನು ಕಟುವಾಗಿ ಹಳಿದರು. ಅದನ್ನು ನಾವು ಒಪ್ಪಬೇಕಾಗಿಲ್ಲ. ಪಶ್ಚಾತ್ತಾಪಪಟ್ಟವರೂ ದೋಷರಹಿತರಾಗಿ ಬಿಡುವುದಿಲ್ಲ. ೧೮೧೫ನೆಯ ಇಸವಿ ಫೆಬ್ರವರಿ ೯ರಂದು ಅವರು ಇಂಗ್ಲೆಂಡಿನಲ್ಲಿ ಕಾಲವಾದರು.

ವಿದ್ಯಾರ್ಥಿಗಳೇ, ನಾವೂ ಊರಿಗೆ ಬರೆದ ಕಾಗದಗಳಲ್ಲಿ ಇಲ್ಲಿನ ಕಷ್ಟಗಳನ್ನು ಮರೆಮಾಚಿ ಎಲ್ಲವೂ ಕ್ಷೇಮವೆಂದು ಬರೆದದ್ದುಂಟು. ಅಂಕಪಟ್ಟಿಯನ್ನು ಬಚ್ಚಿಟ್ಟ ಮಕ್ಕಳು ನಿಮ್ಮಲ್ಲಿಯೂ ಇರಬಹುದು. ದೇವರ ಕ್ಷಮೆಗೆ ಕಾಲದ ಮಿತಿಯಿಲ್ಲವೆಂದು ಕ್ರೈಸ್ತರು ನಂಬುತ್ತಾರೆ. ಮನುಷ್ಯರ ಆಯುಸ್ಸಿಗೆ ಮಿತಿಯುಂಟು. ಹೇಳಬೇಕಾದ ನಿಜವನ್ನು, ಕೇಳಬೇಕಾದವರು ಮನೆಯಲ್ಲಿರುವಾಗಲೇ ಹೇಳಿಬಿಡಿರಿ.